ಮಳೆಗಾಲದಲ್ಲಿ ಶಾಯಿಯ ಮುಖ: ಒದ್ದೆ ಹಾಳೆಯ ಮೇಲೆ ಭಾವಚಿತ್ರ ಬರೆಯುವ ಬಗೆ

ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಒಗೆದ ಬಟ್ಟೆ ಒಣಗಲು ಮೂರು ದಿನ ಬೇಕು. ಉಪ್ಪಿನ ಡಬ್ಬದಲ್ಲಿ ನೀರು ನಿಲ್ಲುತ್ತದೆ. ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಬರುತ್ತದೆ. ಇಂಥ ಊರಿನಲ್ಲಿ ಕೂತು ಹಾಳೆಗೆ ನೀರು ಸುರಿದು ಚಿತ್ರ ಬರೆಯುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ನಾನೂ ಮೊದಲ ಎರಡು ಮಳೆಗಾಲ ಹೇರ್ ಡ್ರೈಯರ್ ಹಿಡಿದು ಮಳೆಯ ಜೊತೆ ಜಗಳ ಆಡಿದ್ದೇನೆ. ಕರೆಂಟ್ ಹೋದ ಒಂದು ಮಧ್ಯಾಹ್ನ ಡ್ರೈಯರ್ ಇಲ್ಲದೆ ಸುಮ್ನೆ ಕಾಯಬೇಕಾಯಿತು. ಅವತ್ತು ಬಂದ ಮುಖ ಅದುವರೆಗಿನ ಎಲ್ಲಕ್ಕಿಂತ ಚೆನ್ನಾಗಿತ್ತು. ತಡವಾಗಿ ಒಣಗುವ ಹಾಳೆಯೇ ಈ ಕೆಲಸಕ್ಕೆ ಬೇಕಾದ್ದು ಅಂತ ಗೊತ್ತಾಗಿದ್ದು ಆಗ.

ಈ ದಾರಿ ನನ್ನ ಕಣ್ಣಿಗೆ ಬಿದ್ದಿದ್ದು ಮಾರ್ಲೀನ್ ಡ್ಯೂಮಾಸ್ ಅವರ ಶಾಯಿ ಚಿತ್ರಗಳಿಂದ. ಅವರು 1953ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಹುಟ್ಟಿದವರು. 1976ರಿಂದ ನೆದರ್ಲೆಂಡ್ಸಿನಲ್ಲಿ ನೆಲೆಸಿದ್ದಾರೆ. 1991-92ರಲ್ಲಿ ಬರೆದ ‘ಬ್ಲ್ಯಾಕ್ ಡ್ರಾಯಿಂಗ್ಸ್’ ಸರಣಿಯಲ್ಲಿ ನೂರಕ್ಕೂ ಜಾಸ್ತಿ ಕಪ್ಪು ಜನರ ಮುಖಗಳಿವೆ. ಎಲ್ಲ ನೀರು ಬೆರೆತ ಶಾಯಿಯಲ್ಲಿ. ಅವರು ಎದುರಿಗೆ ಜನರನ್ನು ಕೂರಿಸಿಕೊಂಡು ಬರೆಯುವುದಿಲ್ಲ. ಫೋಟೋ ನೋಡಿ ಬರೆಯುತ್ತಾರೆ. ಆದರೆ ಫೋಟೋ ಥರ ಕಾಣುವ ಚಿತ್ರ ಅಲ್ಲ ಅದು. ಶಾಯಿ ಎಲ್ಲಿ ನಿಂತಿತೋ ಅಲ್ಲಿ ಕಣ್ಣುಗುಳಿ, ಎಲ್ಲಿ ಹರಿಯಿತೋ ಅಲ್ಲಿ ಕೆನ್ನೆ.

ಕೆಳಗೆ ಹೇಳಿರುವುದು ಅವರ ಪಾಕವಿಧಾನ ಅಲ್ಲ. ಆ ಚಿತ್ರಗಳನ್ನು ನೋಡಿ, ನಮ್ಮ ಮಳೆ, ನಮ್ಮ ಅಂಗಡಿಯಲ್ಲಿ ಸಿಗುವ ಸಾಮಾನು ಇಟ್ಟುಕೊಂಡು ನಾನು ರೂಢಿ ಮಾಡಿಕೊಂಡ ಕ್ರಮ.

ಶಾಯಿ ಯಾವುದು?

ಅಂಗಡಿಯಲ್ಲಿ ‘ಕಪ್ಪು ಇಂಕ್’ ಅಂತ ಕೇಳಿದರೆ ಎರಡು ಬೇರೆ ಬೇರೆ ವಸ್ತು ಸಿಗುತ್ತವೆ. ಈ ವ್ಯತ್ಯಾಸ ತಿಳಿಯದಿದ್ದರೆ ಮುಂದಿನದೆಲ್ಲ ಎಡವಟ್ಟು.

ಒಂದು ಡ್ರಾಯಿಂಗ್ ಇಂಕ್. ಕ್ಯಾಮೆಲ್‌ನ ಚಿಕ್ಕ ಬಾಟಲಿ ಹೆಚ್ಚಿನ ಸ್ಟೇಷನರಿ ಅಂಗಡಿಗಳಲ್ಲಿ ಇರುತ್ತದೆ. ಇಂಡಿಯನ್ ಇಂಕ್ ಅನ್ನುವುದೂ ಈ ಜಾತಿಯನ್ನೇ. ಇದರಲ್ಲಿರುವುದು ಮಸಿ, ಅಂದರೆ ಇಂಗಾಲದ ಸಣ್ಣ ಕಣಗಳು. ವಾಟರ್‌ಪ್ರೂಫ್ ಬಗೆಯಲ್ಲಿ ಆ ಕಣಗಳನ್ನು ಹಾಳೆಗೆ ಅಂಟಿಸಲು ಅರಗಿನಂಥ ಅಂಟು ಸೇರಿಸಿರುತ್ತಾರೆ. ಒಮ್ಮೆ ಒಣಗಿತು ಅಂದರೆ ನೀರು ಹಾಕಿದರೂ ಕದಲುವುದಿಲ್ಲ. ಬಿಸಿಲಿಗೂ ಮಾಸುವುದಿಲ್ಲ. ಇಂಗಾಲ ಮಾಸಿ ಹೋಗುವ ವಸ್ತುವಲ್ಲ.

ಇನ್ನೊಂದು ಫೌಂಟನ್ ಪೆನ್ನಿನ ಇಂಕ್. ಇದು ನೀರಿನಲ್ಲಿ ಕರಗಿದ ಬಣ್ಣ. ಒದ್ದೆ ಹಾಳೆಯ ಮೇಲೆ ಬಿದ್ದಾಗ ಕಪ್ಪು ಒಡೆದು ಅಂಚಿನಲ್ಲಿ ನೀಲಿ, ನೇರಳೆ, ಕೆಲವು ಸಲ ಗುಲಾಬಿ ಹೊರಗೆ ಬರುತ್ತದೆ. ಯಾಕೆಂದರೆ ಕಪ್ಪು ಅಂತ ನಾವು ನೋಡುವುದು ಹಲವು ಬಣ್ಣಗಳ ಬೆರಕೆ. ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ನೀರಿನ ಜೊತೆ ಓಡುತ್ತದೆ. ನೋಡಲು ಬಲು ಚೆಂದ. ಆದರೆ ಬೆಳಕಿಗೆ ಇಟ್ಟರೆ ಮಂಕಾಗುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ನಂಬಬೇಡಿ.

ನನ್ನ ಸಲಹೆ: ಮುಖದ ಎಲುಬು, ಕಣ್ಣು, ಮೂಗು ಎಲ್ಲ ಡ್ರಾಯಿಂಗ್ ಇಂಕ್‌ನಲ್ಲಿರಲಿ. ಆಟ ಆಡುವುದಕ್ಕೆ ಮಾತ್ರ ಪೆನ್ನಿನ ಇಂಕ್.

ಹಾಳೆ ಮತ್ತು ಉಳಿದ ಸಾಮಾನು

300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಜಲವರ್ಣದ ಹಾಳೆ ಬೇಕು. ಹತ್ತಿಯ ಹಾಳೆ ಸಿಕ್ಕರೆ ಒಳ್ಳೆಯದು. ದುಡ್ಡು ಜಾಸ್ತಿ ಅನಿಸಿದರೆ ಮರದ ತಿರುಳಿನ ಹಾಳೆಯಲ್ಲೇ ಕಲಿಯಿರಿ. ಆದರೆ 200ಕ್ಕಿಂತ ಕೆಳಗೆ ಇಳಿಯಬೇಡಿ. ಡ್ರಾಯಿಂಗ್ ಶೀಟು ಎರಡನೇ ಸಲ ನೀರು ಬಿದ್ದರೆ ಹಪ್ಪಳ ಆಗುತ್ತದೆ.

ಕೊಡಗಿನಲ್ಲಿ ಹಾಳೆಯ ದೊಡ್ಡ ಶತ್ರು ತೇವ. ಜಲವರ್ಣದ ಹಾಳೆಗೆ ಕಾರ್ಖಾನೆಯಲ್ಲಿ ಸರೇಸು ಥರದ ಒಂದು ಲೇಪ ಕೊಟ್ಟಿರುತ್ತಾರೆ. ಅದಿರುವುದರಿಂದಲೇ ನೀರು ಸ್ವಲ್ಪ ಹೊತ್ತು ಮೇಲೆ ನಿಲ್ಲುತ್ತದೆ. ಎರಡು ಮಳೆಗಾಲ ಹಾಗೇ ಬಿಟ್ಟರೆ ಆ ಲೇಪ ಕೆಡುತ್ತದೆ. ಆಗ ಹಾಳೆ ಬ್ಲಾಟಿಂಗ್ ಪೇಪರಿನ ಹಾಗೆ ಶಾಯಿ ಕುಡಿಯುತ್ತದೆ. ಪರೀಕ್ಷೆ ಸುಲಭ. ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ಒಂದು ನಿಮಿಷ ನಿಂತರೆ ಹಾಳೆ ಸರಿಯಿದೆ. ಬಿದ್ದ ಕೂಡಲೇ ಮಾಯವಾದರೆ ಆ ಹಾಳೆಯನ್ನು ಬೇರೆ ಕೆಲಸಕ್ಕೆ ಬಳಸಿ.

ನಾನು ಹಾಳೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಲಗಿಸಿ ಇಡುತ್ತೇನೆ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಬೆಚ್ಚಗೆ ಇಡುತ್ತಿದ್ದರು ಅಲ್ವಾ? ಹಾಳೆಗೆ ಅದು ಬೇಡ. ಹೊಗೆಗೆ ಹಳದಿಯಾಗುತ್ತದೆ, ಅನುಭವದ ಮಾತು.

ಕುಂಚ ಎರಡು ಸಾಕು. 12ನೇ ನಂಬರಿನ ದುಂಡು ಕುಂಚ ಒಂದು, 4ನೇ ನಂಬರಿನದು ಒಂದು. ಜೊತೆಗೆ ಮೂರು ಪಿಂಗಾಣಿ ಬಟ್ಟಲು, ಇಂಕ್ ಫಿಲ್ಲರ್, ಹಳೆಯ ಹತ್ತಿ ಬಟ್ಟೆ, ಟಿಶ್ಯೂ, ಹಾಳೆಗಿಂತ ದೊಡ್ಡದಾದ ಒಂದು ಹಲಗೆ.

ನೀರು? ಮಳೆನೀರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ, ಒಂದು ಬಕೆಟ್ ನಮ್ಮ ಪಾಲಿಗಿರಲಿ. ಗಡಸು ನೀರಿನಲ್ಲಿ ಡ್ರಾಯಿಂಗ್ ಇಂಕ್ ಕೆಲವು ಸಲ ಒಡೆದ ಹಾಲಿನ ಹಾಗೆ ಕಣಕಣವಾಗುತ್ತದೆ. ಮಳೆನೀರಿನಲ್ಲಿ ಆ ಕಾಟ ಇಲ್ಲ. ಹೆಂಚಿನ ಮೇಲಿನ ಪಾಚಿ, ಎಲೆ ಎಲ್ಲ ತೊಳೆದುಹೋಗಲಿ ಅಂತ ಮೊದಲ ಅರ್ಧ ಗಂಟೆ ಮಳೆ ಬಿಟ್ಟು ಆಮೇಲೆ ಪಾತ್ರೆ ಇಡಿ.

ಫೋಟೋ ಆರಿಸುವುದು

ಮಂಜಿನ ಬೆಳಕು ಕಣ್ಣಿಗೆ ಹಿತ, ಚಿತ್ರಕ್ಕೆ ಕಷ್ಟ. ನೆರಳೇ ಇರುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ತೆಗೆದ ಫೋಟೋದಲ್ಲಿ ಮುಖ ಅಕ್ಕಿರೊಟ್ಟಿಯ ಹಾಗೆ ಚಪ್ಪಟೆ. ಅದಕ್ಕೇ ಜನರನ್ನು ಒಳಗೆ ಕರೆಯಿರಿ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಕೈಯಾಲೆಯಲ್ಲಿ (ಜಗಲಿಯಲ್ಲಿ) ಐಮರದ (ಮರದ ಆಸನದ) ಮೇಲೆ ಕೂರಿಸಿದರೆ ಇನ್ನೂ ಒಳ್ಳೆಯದು. ಅಂಗಳದ ಕಡೆಯಿಂದ ಮಾತ್ರ ಬೆಳಕು ಬರುತ್ತದೆ, ಮನೆಯ ಕಡೆ ಕತ್ತಲೆ. ಮುಖದ ಅರ್ಧ ಬೆಳಕು, ಅರ್ಧ ನೆರಳು. ಐನ್‌ಮನೆ ಇಲ್ಲದಿದ್ದರೆ ಯಾವುದಾದರೂ ಕಿಟಕಿ ಸಾಕು.

ಫೋಟೋ ತೆಗೆಯುವ ಮೊದಲು ಕೇಳಿ. ಪುತ್ತರಿ ಸುಗ್ಗಿಹಬ್ಬದ ಕೋಲಾಟದಲ್ಲಿ ಕುಪ್ಯಚೇಲೆ (ಕೊಡವರ ನಿಲುವಂಗಿ, ನಡುಪಟ್ಟಿ) ಹಾಕಿ ನಿಂತ ಹಿರಿಯರನ್ನು ದೂರದಿಂದ ಜೂಮ್ ಮಾಡಿ ಸೆರೆಹಿಡಿದು ಮನೆಗೆ ತಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ತೋಟದ ಲೈನ್‌ಮನೆಯ ಕೆಲಸದವರ ಮುಖವನ್ನಂತೂ ಕೇಳದೆ ತೆಗೆಯಲೇಬೇಡಿ. ಅವರಿಗೆ ಬೇಡ ಅನ್ನುವುದು ಕಷ್ಟ, ಅದನ್ನು ನಾವು ಬಳಸಿಕೊಳ್ಳಬಾರದು.

ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಹಾಳೆಯಷ್ಟೇ ದೊಡ್ಡದಾಗಿ ಜೆರಾಕ್ಸ್ ತೆಗೆಸಿ. ಕಣ್ಣು ಕಿರಿದು ಮಾಡಿ ನೋಡಿ. ಬಿಳಿ, ಬೂದಿ, ಕಪ್ಪು ಮೂರೇ ಕಾಣಬೇಕು. ಬಿಳಿ ಇರುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಶಾಯಿಗೆ ಬಿಳಿ ಬಣ್ಣ ಇಲ್ಲ. ಬಿಳಿ ಅಂದರೆ ಹಾಳೆಯೇ, ನೀವು ಮುಟ್ಟದೆ ಬಿಟ್ಟ ಜಾಗ. ಮುಖ ಕಪ್ಪಗಿದೆ ಅಂತ ಪೂರ್ತಿ ಶಾಯಿ ಬಳಿಯುವುದು ಹೊಸಬರ ಮೊದಲ ತಪ್ಪು. ಎಷ್ಟೇ ಕಪ್ಪು ಮುಖದಲ್ಲೂ ಮೂಗಿನ ಬೆನ್ನು, ಕೆಳತುಟಿ, ಹಣೆಯ ಒಂದು ಬದಿ ಹೊಳೆಯುತ್ತವೆ.

ಶಾಯಿ ಬೆರೆಸುವುದು

ಮೊದಲ ಬಟ್ಟಲಿಗೆ ಒಂದು ಪಾಲು ಶಾಯಿ, 20 ಪಾಲು ನೀರು. ಎರಡನೆಯದಕ್ಕೆ ಒಂದಕ್ಕೆ 8. ಮೂರನೆಯದರಲ್ಲಿ ಅಪ್ಪಟ ಶಾಯಿ. ಒದ್ದೆ ಹಾಳೆಯ ಮೇಲೆ ಎಲ್ಲವೂ ಇನ್ನಷ್ಟು ತೆಳುವಾಗುತ್ತದೆ, ಒಣಗಿದ ಮೇಲೆ ಮತ್ತೂ ಮಂಕಾಗುತ್ತದೆ. ಹಾಗಾಗಿ ಬಟ್ಟಲಿನಲ್ಲಿ ಸ್ವಲ್ಪ ಗಾಢ ಕಂಡರೆ ಹೆದರಬೇಡಿ.

ನೀರೇ ಗೆರೆ

ಇನ್ನು ನಿಜವಾದ ಕೆಲಸ. ಇಲ್ಲಿ ನಿಧಾನವಾಗಿ ಓದಿ.

ಪೆನ್ಸಿಲ್‌ನಲ್ಲಿ ಐದೇ ಗುರುತು ಹಾಕಿ: ಕೂದಲಿನ ಅಂಚು, ಕಣ್ಣಿನ ಸಾಲು, ಮೂಗಿನ ಬುಡ, ಬಾಯಿ, ಗದ್ದ. ಕಣ್ಣಿನ ಸಾಲು ತಲೆಯ ಸರಿಯಾಗಿ ನಡುವೆ ಬರುತ್ತದೆ. ಎಲ್ಲರೂ ಅದನ್ನು ಮೇಲೆ ಹಾಕುತ್ತಾರೆ, ಹಣೆ ಗಿಡ್ಡವಾಗುತ್ತದೆ. ಇಷ್ಟೇ ಪೆನ್ಸಿಲ್. ಜಾಸ್ತಿ ಬಿಡಿಸಿದರೆ ಆಮೇಲೆ ಶಾಯಿಯನ್ನು ಆ ಗೆರೆಯೊಳಗೆ ತುಂಬಿಸುವ ಚಟ ಬರುತ್ತದೆ.

ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ. ಹಾಳೆಯ ನಾಲ್ಕು ಮೂಲೆಗೆ ಕ್ಲಿಪ್ ಹಾಕಿ. ದೊಡ್ಡ ಕುಂಚವನ್ನು ಬರೀ ನೀರಿನಲ್ಲಿ ಅದ್ದಿ ಮುಖವನ್ನು ನೀರಿನಲ್ಲೇ ಬರೆಯಿರಿ. ಹೌದು, ಶಾಯಿ ಇಲ್ಲದೆ. ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ. ಕೆಂಪು ಸುತ್ತು ಹಾಕಿದ ಜಾಗ ಒಣಗಿಯೇ ಇರಲಿ. ಕಣ್ಣೊಳಗಿನ ಹೊಳಪಿನ ಚುಕ್ಕಿ, ಮೂಗಿನ ತುದಿ, ಅಜ್ಜಿಯ ತಲೆಗೆ ಕಟ್ಟಿದ ವಸ್ತ್ರ, ತಾತನ ಮೀಸೆಯ ನಾಲ್ಕಾರು ಎಳೆ. ಇವುಗಳ ಹತ್ತಿರ ನೀರು ಹೋಗಬಾರದು.

ಶಾಯಿ ನೀರಿರುವ ಕಡೆ ಮಾತ್ರ ಓಡುತ್ತದೆ. ಒಣ ಹಾಳೆಯ ಅಂಚಿಗೆ ಬಂದು ಗಕ್ಕನೆ ನಿಲ್ಲುತ್ತದೆ. ಅಂದರೆ ನೀರು ಎಲ್ಲಿ ಮುಗಿಯುತ್ತದೋ ಅದೇ ನಿಮ್ಮ ಗೆರೆ. ಆ ಗೆರೆ ಕಾಣಬೇಕಾದರೆ ತಲೆಯನ್ನು ಹಾಳೆಯ ಮಟ್ಟಕ್ಕೆ ತಗ್ಗಿಸಿ ಕಿಟಕಿಯ ಕಡೆ ನೋಡಿ. ಒದ್ದೆ ಜಾಗ ಗಾಜಿನ ಹಾಗೆ ಹೊಳೆಯುತ್ತದೆ. ಮೊದಲ ನಾಲ್ಕು ದಿನ ಶಾಯಿ ಮುಟ್ಟದೆ ಈ ನೀರಿನ ಮುಖವನ್ನಷ್ಟೇ ಬರೆದು ಅಭ್ಯಾಸ ಮಾಡಿ ಅಂತ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಈಗ ಮೊದಲ ಬಟ್ಟಲಿನ ತೆಳು ಶಾಯಿ. ಕುಂಚದಿಂದ ಬಳಿಯಬೇಡಿ. ಫಿಲ್ಲರಿನಲ್ಲಿ ತೆಗೆದು ನೆರಳಿನ ಬದಿಯಲ್ಲಿ ಎರಡು ಮೂರು ಹನಿ ಬಿಡಿ. ಕಣ್ಣಿನ ಗುಳಿ, ಕೆನ್ನೆಯೆಲುಬಿನ ಕೆಳಗೆ, ದವಡೆಯ ಅಂಚು. ಹಲಗೆಯ ಒಂದು ಬದಿಯನ್ನು ಎರಡು ಬೆರಳಿನಷ್ಟು ಎತ್ತಿ. ಶಾಯಿ ಜಾರುತ್ತದೆ. ಬೇಕಾದಲ್ಲಿಗೆ ಬಂದ ಮೇಲೆ ಇಳಿಸಿ. ದೋಸೆಕಾವಲಿಯ ಮೇಲೆ ಎಣ್ಣೆ ಆಡಿಸುವ ಹಾಗೆ, ಅಷ್ಟೇ.

ನಾಲ್ಕು ಹದ

ಇನ್ನು ಮುಂದೆ ಎಲ್ಲ ಹದದ ಲೆಕ್ಕ. ನಾನು ಗದ್ದೆಯ ಹೆಸರು ಇಟ್ಟುಕೊಂಡಿದ್ದೇನೆ, ನೆನಪಿಗೆ ಸುಲಭ.

ಕೆರೆಯ ಹದದಲ್ಲಿ ನೀರು ಹಾಳೆಯ ಮೇಲೆ ನಿಂತಿರುತ್ತದೆ. ಶಾಯಿ ತೇಲುತ್ತದೆ, ಎಲ್ಲಿಗೆ ಬೇಕಾದರೂ ಹೋಗುತ್ತದೆ. ದೊಡ್ಡ ನೆರಳುಗಳಿಗೆ ಮಾತ್ರ ಇದು ಸರಿ. ಈಗ ಕಣ್ಣು ಬರೆಯಲು ಹೋದರೆ ಕಣ್ಣು ಗದ್ದಕ್ಕೆ ಇಳಿಯುತ್ತದೆ.

ನಾಟಿಗದ್ದೆಯ ಹದದಲ್ಲಿ ನಿಂತ ನೀರು ಇಂಗಿದೆ, ಹೊಳಪು ಇದೆ. ಬಿಟ್ಟ ಹನಿ ಅಂಚು ಮೆತ್ತಗೆ ಮಾಡಿಕೊಂಡು ಇದ್ದಲ್ಲೇ ಅರಳುತ್ತದೆ. ಎರಡನೇ ಬಟ್ಟಲಿನ ಶಾಯಿಗೆ ಇದೇ ಸಮಯ. ಮೂಗಿನ ಬದಿ, ತುಟಿಯ ನೆರಳು, ಕತ್ತು, ಕೂದಲು. ಮುಖಕ್ಕೆ ಉಸಿರು ಬರುವುದು ಈ ಹದದಲ್ಲಿ. ಇಡೀ ಚಿತ್ರದ ಮುಕ್ಕಾಲು ಪಾಲು ಇಲ್ಲೇ ಮುಗಿಯಬೇಕು.

ಕೊಯ್ಲಿನ ಗದ್ದೆಯ ಹದದಲ್ಲಿ ಹೊಳಪು ಹೋಗಿದೆ, ಆದರೆ ಅಂಗೈಯ ಹಿಂಬದಿ ತಾಗಿಸಿದರೆ ಹಾಳೆ ತಣ್ಣಗಿದೆ. ಬಲು ಮೋಸದ ಹೊತ್ತು. ಇಲ್ಲಿ ನೀರು ಜಾಸ್ತಿ ಇರುವ ಕುಂಚ ತಾಗಿಸಿದರೆ, ಹೊಸ ನೀರು ಸುತ್ತಲಿನ ಅರೆ ಒಣಗಿದ ಜಾಗದ ಕಡೆ ನುಗ್ಗಿ ಶಾಯಿಯ ಕಣಗಳನ್ನು ತಳ್ಳಿಕೊಂಡು ಹೋಗುತ್ತದೆ. ಹೂಕೋಸಿನಂಥ ಅಂಚು ಬೀಳುತ್ತದೆ. ಮಗುವಿನ ಹಣೆಯ ಮೇಲೆ ಬಿದ್ದರೆ ಚಿತ್ರ ಹಾಳು. ಎಂಬತ್ತು ದಾಟಿದವರ ಕೆನ್ನೆಯಲ್ಲಿ ನಾನು ಬೇಕಂತಲೇ ಬೀಳಿಸುತ್ತೇನೆ. ಯಾವ ಕುಂಚಕ್ಕೂ ಬರೆಯಲು ಬಾರದ ಸುಕ್ಕು ಅದು.

ಕೊನೆಗೆ ಕಣದ, ಅಂದರೆ ಭತ್ತ ಒಕ್ಕುವ ಅಂಗಳದ, ಹದ. ಹಾಳೆ ಪೂರ್ತಿ ಒಣಗಿದೆ. ಸಣ್ಣ ಕುಂಚ, ಅಪ್ಪಟ ಶಾಯಿ. ಕಣ್ಣಿನ ಪಾಪೆ, ಮೇಲಿನ ರೆಪ್ಪೆ, ಮೂಗಿನ ಹೊಳ್ಳೆ, ಎರಡು ತುಟಿ ಸೇರುವ ಗೆರೆ. ನಾಲ್ಕೇ ಜಾಗ. ರೆಪ್ಪೆಯ ಕೂದಲು ಎಣಿಸಲು ಹೋಗಬೇಡಿ.

ಮಡಿಕೇರಿಯ ಜುಲೈಯಲ್ಲಿ ನನಗೆ ಕೆರೆ 10 ನಿಮಿಷ, ನಾಟಿಗದ್ದೆ ಅರ್ಧ ಗಂಟೆ, ಕೊಯ್ಲಿನ ಗದ್ದೆ ಇನ್ನೊಂದು ಅರ್ಧ ಗಂಟೆ ಸಿಗುತ್ತದೆ. ಮಾರ್ಚಿನಲ್ಲಿ ಕುಶಾಲನಗರದ ಕಡೆ, ಅಲ್ಲಿ ಮಳೆಯೂ ಕಡಿಮೆ, ಎಲ್ಲ ಸೇರಿ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಬೇಸಿಗೆಯಲ್ಲಿ ಬರೆಯುವವರು ಹಾಳೆಯ ಹಿಂಬದಿಗೂ ನೀರು ಸವರಿ, ಒದ್ದೆ ಟವೆಲಿನ ಮೇಲೆ ಹಾಸಿಕೊಳ್ಳಿ. ಮಳೆಗಾಲದಲ್ಲಿ ಬರೆಯುವವರು ಕಾಫಿ ಮಾಡಿಕೊಳ್ಳಿ.

ಕಾಯುವಾಗ ಕೈ ಸುಮ್ಮನಿರುವುದಿಲ್ಲ, ಗೊತ್ತು. ತಪ್ಪು ಕಡೆ ಶಾಯಿ ಹೋಗಿದ್ದರೆ ನಾಟಿಗದ್ದೆಯ ಹದದಲ್ಲೇ ಟಿಶ್ಯೂವನ್ನು ಚೂಪು ಮಾಡಿ ತಾಗಿಸಿ ಎತ್ತಿ. ಉಜ್ಜಬೇಡಿ. ವಾಟರ್‌ಪ್ರೂಫ್ ಶಾಯಿ ಒಣಗಿದ ಮೇಲೆ ಏನೂ ಮಾಡಲಾಗದು.

ಪ್ರಯೋಗಗಳು

ಮೇಲಿನದು ಕೈಗೆ ಹತ್ತಿದ ಮೇಲೆ, ಅಂದರೆ ಒಂದು ಮೂವತ್ತು ಮುಖ ಆದ ಮೇಲೆ, ಇವಕ್ಕೆ ಬನ್ನಿ.

ಜೇನುಮೇಣ. ನೀರು ಹಾಕುವ ಮೊದಲೇ ಬೆಳ್ಳಗೆ ಉಳಿಯಬೇಕಾದ ಕಡೆ ಮೇಣದ ತುಣುಕಿನಿಂದ ಗೀಚಿ. ಶಾಯಿ ಅದರ ಮೇಲೆ ನಿಲ್ಲದೆ ಜಾರುತ್ತದೆ. ನರೆಗೂದಲಿಗೆ, ಕೊಡವ ಹೆಂಗಸರ ಕೊರಳಿನ ಪತ್ತಾಕ್‌ನ ಮಣಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೇಣದಬತ್ತಿಯೂ ಆಗುತ್ತದೆ.

ಕಾಫಿ. ನಮ್ಮ ಊರಿನವರಿಗೆ ಇದು ಬಿಡಲಾಗದ ಆಸೆ. ರೊಬಸ್ಟಾ ಪುಡಿಯ ಗಟ್ಟಿ ಡಿಕಾಕ್ಷನ್ ತಣ್ಣಗಾದ ಮೇಲೆ ಶಾಯಿಗಿಂತ ಮೊದಲು ಒಂದು ಪದರ ಹಾಕಿದರೆ ಮುಖಕ್ಕೆ ಬೆಚ್ಚಗಿನ ಕಂದು ಬರುತ್ತದೆ. ಅದು ಒಣಗಿದ ಮೇಲೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಕರಗಿಸಿದ ತೆಳು ನೀರು ತಾಗಿಸಿ ನೋಡಿ. ಕಂದು ಕಣ್ಣೆದುರೇ ಕಪ್ಪಿಗೆ ತಿರುಗುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ: ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು. ಆದರೆ ಕಬ್ಬಿಣದ ಶಾಯಿ ವರ್ಷಗಳು ಕಳೆದಂತೆ ಹಾಳೆಯನ್ನು ತಿನ್ನುತ್ತದೆ. ತೆಳುವಾಗಿಯೇ ಇರಲಿ. ಇನ್ನೊಂದು ಮಾತು, ಕುಡಿಯುವ ಕಾಫಿಯಲ್ಲಿ ಕುಂಚ ಅದ್ದಬೇಡಿ. ನಾನು ಒಮ್ಮೆ ಬೆಲ್ಲದ ಕಾಫಿಯಲ್ಲಿ ಅದ್ದಿಬಿಟ್ಟೆ. ಬೆಳಿಗ್ಗೆ ನೋಡಿದರೆ ಎಡಗೆನ್ನೆಯ ತುಂಬ ಇರುವೆ.

ಬ್ಲೀಚ್. ಪೆನ್ನಿನ ಇಂಕ್‌ನಲ್ಲಿ ಮಾಡಿದ ಗಾಢ ಹಿನ್ನೆಲೆಯ ಮೇಲೆ ಮನೆ ಬಳಕೆಯ ಬ್ಲೀಚ್‌ನಿಂದ ಬರೆದರೆ ಬಣ್ಣ ಅಳಿದು ಬೆಳಕು ಮೂಡುತ್ತದೆ. ಡ್ರಾಯಿಂಗ್ ಇಂಕ್ ಮಾತ್ರ ಅಲುಗುವುದಿಲ್ಲ, ಇಂಗಾಲಕ್ಕೆ ಬ್ಲೀಚ್ ಲೆಕ್ಕಕ್ಕಿಲ್ಲ. ಎರಡನ್ನೂ ಸೇರಿಸಿ ಬಳಸುವ ಮಜಾ ಇರುವುದೇ ಇಲ್ಲಿ. ನೈಲಾನ್ ಕುಂಚವೇ ಇರಲಿ. ಪ್ರಾಣಿಯ ಕೂದಲಿನ ಕುಂಚವನ್ನು ಬ್ಲೀಚ್ ಕರಗಿಸಿಬಿಡುತ್ತದೆ. ಮಳೆ ಅಂತ ಕಿಟಕಿ ಮುಚ್ಚಿಕೊಂಡು ಈ ಕೆಲಸ ಮಾಡಲೇಬೇಡಿ. ಹುಳಿಯ ಯಾವ ವಸ್ತುವನ್ನೂ ಅದಕ್ಕೆ ಬೆರೆಸಬೇಡಿ. ವಿನೆಗರ್, ನಿಂಬೆ, ಅಡುಗೆಮನೆಯ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಯಾವುದೇ ಆದರೂ ಬ್ಲೀಚಿಗೆ ಸೇರಿದರೆ ಕ್ಲೋರಿನ್ ಗಾಳಿ ಹೊರಡುತ್ತದೆ, ಶ್ವಾಸಕೋಶಕ್ಕೆ ವಿಷ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ. ಕಾಚಂಪುಳಿ ಹಂದಿಮಾಂಸದ ಪಂದಿಕರಿಗೇ ಇರಲಿ.

ಉಪ್ಪು ಬೇಡ. ಒದ್ದೆ ಶಾಯಿಗೆ ಕಲ್ಲುಪ್ಪು ಚೆಲ್ಲಿದರೆ ನಕ್ಷತ್ರ ಮೂಡುತ್ತದೆ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ, ನಿಜವೇ. ಆದರೆ ಹಾಳೆಯ ಎಳೆಯೊಳಗೆ ಉಳಿದ ಉಪ್ಪು ಗಾಳಿಯ ತೇವ ಎಳೆಯುತ್ತದೆ. ನನ್ನ ಒಂದು ಚಿತ್ರ ಫ್ರೇಮಿನೊಳಗೇ ಪ್ರತಿ ಜೂನಿನಲ್ಲಿ ಬೆವರುತ್ತಿತ್ತು. ಮೂರನೇ ವರ್ಷ ಬೂಷ್ಟು ಹಿಡಿದು ಹೋಯಿತು.

ಮದ್ದ್‌ಸೊಪ್ಪು. ಆಗಸ್ಟ್ 3ರ ಸುಮಾರಿಗೆ, ಕೊಡವರ ಕಕ್ಕಡ ತಿಂಗಳ 18ರಂದು, ಮನೆಮನೆಯಲ್ಲೂ ಈ ಔಷಧಿ ಸೊಪ್ಪಿನ ಪಾಯಸ. ಬೇಯಿಸಿದ ನೀರಿನ ಆ ಕಡು ನೇರಳೆ ನೋಡಿ ಯಾವ ಚಿತ್ರಗಾರನ ಕೈ ಸುಮ್ಮನಿರುತ್ತದೆ? ಪಾಯಸಕ್ಕೆ ಮೊದಲು ಒಂದು ಲೋಟ ಎತ್ತಿಟ್ಟುಕೊಳ್ಳಿ. ಹಾಳೆಯ ಮೇಲೆ ಸೊಗಸಾಗಿ ಕೂರುತ್ತದೆ, ಆದರೆ ಬಾಳುವುದಿಲ್ಲ. ನನ್ನದು ಎರಡೇ ತಿಂಗಳಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಫೋಟೋ ತೆಗೆದಿಟ್ಟುಕೊಳ್ಳಿ.

ಕೆಟ್ಟ ಚಿತ್ರಗಳು

ಹತ್ತರಲ್ಲಿ ಏಳು ಕೆಡುತ್ತವೆ. ನನಗೆ ಈಗಲೂ ಅಷ್ಟೇ. ಎಸೆಯಬೇಡಿ. ಡ್ಯೂಮಾಸ್ 1994ರಲ್ಲಿ ‘ಮಾಡೆಲ್ಸ್’ ಅನ್ನುವ ನೂರು ಮುಖಗಳ ಸರಣಿ ಮಾಡುವಾಗ ಬೇಡವೆಂದು ಪಕ್ಕಕ್ಕಿಟ್ಟ ಹಾಳೆಗಳೇ ಮುಂದೆ ‘ರಿಜೆಕ್ಟ್ಸ್’ ಅನ್ನುವ ಬೇರೆ ಸರಣಿಗೆ ಮೊದಲಾದವು. ಅವುಗಳಲ್ಲಿ ಹರಿದು, ಕತ್ತರಿಸಿ, ಮತ್ತೆ ಬರೆದ ಮುಖಗಳಿವೆ. ನಾನು ಕೆಟ್ಟ ಹಾಳೆಯಲ್ಲಿ ಚೆನ್ನಾಗಿ ಬಂದ ಕಣ್ಣನ್ನೋ ಬಾಯನ್ನೋ ಕತ್ತರಿಸಿ ಇನ್ನೊಂದರ ಮೇಲೆ ಮೈದಾ ಅಂಟಿನಿಂದ ಹಚ್ಚುತ್ತಿದ್ದೆ. ಜಿರಳೆಗೂ ಬೆಳ್ಳಿಮೀನಿನ ಹುಳಕ್ಕೂ ಮೈದಾ ಅಂದರೆ ಹಬ್ಬ. ಈಗ ಬುಕ್‌ಬೈಂಡಿಂಗಿಗೆ ಬಳಸುವ ಬಿಳಿ ಅಂಟು ಹಚ್ಚುತ್ತೇನೆ.

ಒಣಗಿಸಿ ಇಡುವುದು

ಮುಗಿದ ಚಿತ್ರವನ್ನು ನೇತುಹಾಕಬೇಡಿ, ಮಲಗಿಸಿಯೇ ಒಣಗಿಸಿ. ಮುಟ್ಟಿದರೆ ಒಣಗಿದಂತೆ ಕಂಡರೂ ಮಳೆಗಾಲದಲ್ಲಿ ಎರಡು ದಿನ ಬಿಡಿ. ಆಮೇಲೆ ಎರಡು ಒಣ ಬಿಳಿ ಹಾಳೆಗಳ ನಡುವೆ ಇಟ್ಟು ದಪ್ಪ ಪುಸ್ತಕಗಳ ಭಾರ ಹೇರಿದರೆ ಸೊಟ್ಟ ನೆಟ್ಟಗಾಗುತ್ತದೆ.

ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೇಳಿ. ಒಮ್ಮೆ ಒಂದು ಅಂಗಡಿಯವರು ಅದು ಬೇಡ ಅಂತ ಬಿಟ್ಟುಬಿಟ್ಟರು, ನಾನೂ ನೋಡಲಿಲ್ಲ. ಮರುವರ್ಷ ಮೂಗು ಗಾಜಿಗೆ ಅಂಟಿಕೊಂಡಿತ್ತು. ಮಳೆ ಹೊಡೆಯುವ ಗೋಡೆಗೆ, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಪಡುವಣದ ಗೋಡೆಗೆ, ತೂಗುಹಾಕಬೇಡಿ. ಬೇರೆ ಗೋಡೆಯಾದರೂ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಕಾರ್ಕ್ ತುಂಡು ಅಂಟಿಸಿ. ಗಾಳಿ ಆಡಲು ಅಷ್ಟು ಸಂದು ಸಾಕು.

ಚಿತ್ರದ ಹಿಂಬದಿಯಲ್ಲಿ ತಾರೀಕು, ಶಾಯಿಗೆ ನೀರು ಬೆರೆಸಿದ ಅಳತೆ, ಪ್ರತಿ ಹದಕ್ಕೆ ಹಿಡಿದ ಹೊತ್ತು, ಅವತ್ತು ಮಳೆಯಿತ್ತೋ ಬಿಸಿಲಿತ್ತೋ ಎಲ್ಲ ಬರೆದಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಇಂಕ್ ಮುಂದಿನ ಮಳೆಗಾಲಕ್ಕೆ ಹಣೆಯ ಮೇಲೆ ಬಂದಿರುತ್ತದೆ.